ಬೋರ್ಡಿನ ಹೆಸರು, ಬಾಯಿಯ ಹೆಸರು: ಬಸ್ ಟೈಮಿಂಗ್ ವೆಬ್‌ಸೈಟಿನ ಸರ್ಚ್ ಬಾಕ್ಸ್ ರಿಪೇರಿ

ಮಂಗಳೂರಿನ ಸಿಟಿ ಬಸ್ಸಿನಲ್ಲಿ ‘ಅಂಬೇಡ್ಕರ್ ವೃತ್ತ’ ಎಂದು ಟಿಕೆಟ್ ಕೇಳುವವರು ಕಡಿಮೆ. ಕೇಳುವುದು ‘ಜ್ಯೋತಿ’. ಮಹಾವೀರ ವೃತ್ತ ಜನರ ಬಾಯಲ್ಲಿ ಪಂಪ್‌ವೆಲ್, ನಾರಾಯಣ ಗುರು ವೃತ್ತ ಇನ್ನೂ ಲೇಡಿಹಿಲ್. ಬೋರ್ಡಿನಲ್ಲಿ ಬರೆದದ್ದನ್ನು ಮಾತ್ರ ಡೇಟಾಕ್ಕೆ ತುಂಬಿಸಿ, ಬಾಯಲ್ಲಿ ಬರುವುದನ್ನು ಹೊರಗಿಟ್ಟ ಒಂದು ಬಸ್ ಟೈಮಿಂಗ್ ವೆಬ್‌ಸೈಟನ್ನು ಸರಿಮಾಡಿದ ಕ್ರಮ ಇಲ್ಲಿದೆ.

ಸೈಟಿನ ಕೆಲಸ ಇಷ್ಟೆ: ಎರಡು ಬಾಕ್ಸ್, ಎರಡನ್ನೂ ತುಂಬಿದರೆ ಮಂಗಳೂರು–ಉಡುಪಿ ಕಡೆಯ ಸಿಟಿ, ಸರ್ವಿಸ್, ಎಕ್ಸ್‌ಪ್ರೆಸ್ ಬಸ್ಸುಗಳ ಸಮಯ. ದೂರು ಒಂದೇ: ‘ಸ್ಟಾಪ್ ಸಿಗುವುದಿಲ್ಲ.’ ಇಂಥ ದೂರಿಗೆ ಮೊದಲು ಹೊಳೆಯುವ ಮದ್ದು ಬಾಕ್ಸ್ ದೊಡ್ಡದು ಮಾಡುವುದು, ಬಣ್ಣ ಬದಲಿಸುವುದು. ಅದನ್ನು ಬದಿಗಿಟ್ಟದ್ದೇ ಒಳ್ಳೆಯದಾಯಿತು. ಬಾಕ್ಸ್ ಎಲ್ಲರಿಗೂ ಕಾಣುತ್ತಿತ್ತು. ಅದರಲ್ಲಿ ಬರೆದದ್ದು ಸೈಟಿಗೆ ಅರ್ಥವಾಗುತ್ತಿರಲಿಲ್ಲ.

ಮೊದಲು ಲಾಗ್

ಹುಡುಕಿ ಏನೂ ಸಿಗದ ಪದಗಳ 30 ದಿನದ ಲಾಗ್ (ಸೈಟ್ ತಾನಾಗಿ ಬರೆದಿಡುವ ದಾಖಲೆ) ಸಾಕು. ಹೆಚ್ಚು ಬಾರಿ ಬಂದ 200 ಪದಗಳನ್ನು ಒಂದು ಶೀಟಿಗೆ ಇಳಿಸಿ, ಪ್ರತಿಯೊಂದರ ಎದುರು ಯಾಕೆ ಸಿಗಲಿಲ್ಲ ಎಂದು ಒಂದೇ ಕಾರಣ ಬರೆಯಬೇಕು. ಇದನ್ನು ಪ್ರೋಗ್ರಾಮಿಗೆ ಒಪ್ಪಿಸಬಾರದು. ಊರು ಗೊತ್ತಿದ್ದವರು ಕೂತು ಓದಿದರೆ ಒಂದು ಮಧ್ಯಾಹ್ನದ ಕೆಲಸ, ಮುಂದಿನ ಅರ್ಧ ನಿರ್ಧಾರಗಳು ಅಲ್ಲೇ ಆಗುತ್ತವೆ.

ಲಾಗ್ ತೆಗೆಯುವಾಗ ಮೂರು ಕಡೆ ಕೈ ಸುಡುತ್ತದೆ. ಒಂದು, ಪ್ರತಿ ಅಕ್ಷರಕ್ಕೂ ಹುಡುಕುವ ಬಾಕ್ಸ್ ಆದರೆ ‘ಸ’, ‘ಸು’, ‘ಸುರ’ ಎಲ್ಲವೂ ಬೇರೆ ಬೇರೆ ಸಾಲಾಗಿ ಬಿದ್ದಿರುತ್ತವೆ. 2 ಸೆಕೆಂಡ್ ಕೈ ನಿಂತ ಮೇಲಿನ ಪದವನ್ನು ಮಾತ್ರ ಇಟ್ಟುಕೊಳ್ಳಿ. ಎರಡು, ಯಾರೋ ಮರೆತು ಫೋನ್ ನಂಬರನ್ನೇ ಬಾಕ್ಸಿಗೆ ಹಾಕಿರುತ್ತಾರೆ. 10 ಅಂಕಿಯ ಸಾಲುಗಳನ್ನೂ ಐಪಿ ವಿಳಾಸಗಳನ್ನೂ ಮೊದಲೇ ಅಳಿಸಿ. ಮೂರು, ತಿಂಗಳ ಆಯ್ಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಉಡುಪಿ ಪರ್ಯಾಯದ ಸುತ್ತಮುತ್ತ, ನವರಾತ್ರಿಯ ಹೊತ್ತಿನಲ್ಲಿ ಹುಡುಕುವವರಲ್ಲಿ ಹೊರಗಿನವರು ಜಾಸ್ತಿ. ಆ ದಿನಗಳ ಲಾಗ್ ಬೇಕು, ಆದರೆ ಬೇರೆ ಶೀಟಿನಲ್ಲಿ.

ಕಾರಣಗಳು ಕೆಲವೇ ರಾಶಿಯಾಗಿ ಬೀಳುತ್ತವೆ. ಬಾಯಿಯ ಹೆಸರು: ತುಳುವಿನ ಕುಡ್ಲ (ಮಂಗಳೂರು), ಒಡಿಪು (ಉಡುಪಿ), ಬೆದ್ರ (ಮೂಡುಬಿದಿರೆ), ಕಾರ್ಲ (ಕಾರ್ಕಳ), ಮಂಗಳೂರಿಗೆ ಕೊಂಕಣಿಯವರ ಕೊಡಿಯಾಲ. ಗುರುತಿನ ಹೆಸರು: ಕೃಷ್ಣ ಮಠ, ವೆನ್ಲಾಕ್ ಆಸ್ಪತ್ರೆ, ಮಲ್ಪೆ ಬೀಚ್, ಏರ್‌ಪೋರ್ಟ್ — ಇವು ಸ್ಟಾಪಿನ ಹೆಸರಲ್ಲ, ಹೋಗಬೇಕಾದ ಜಾಗ. ಬರೆಯುವ ರೀತಿ: ಮುಲ್ಕಿ/ಮೂಲ್ಕಿ, ಪಡುಬಿದ್ರಿ/ಪಡುಬಿದ್ರೆ, ಮೂಡಬಿದ್ರಿ/ಮೂಡುಬಿದಿರೆ. ಇನ್ನು ಬಿ.ಸಿ.ರೋಡ್ ಒಂದೇ ಪ್ರತ್ಯೇಕ ರಾಶಿ ಆಗುವಷ್ಟುಂಟು: ಚುಕ್ಕೆ ಇಟ್ಟು, ಚುಕ್ಕೆ ಬಿಟ್ಟು, ಜಾಗ ಬಿಟ್ಟು, ‘ರೋಡು’ ಎಂದು, ಬಂಟ್ವಾಳ ಕ್ರಾಸ್ ಎಂದು. ಚುಕ್ಕೆ ತೆಗೆದರೆ ‘ಬಿಸಿ ರೋಡ್’. ಏಪ್ರಿಲ್‌ನಲ್ಲಿ ಅದೂ ಸುಳ್ಳಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೂತು ನೋಡಿದ್ದು

ಲಾಗ್ ಹೇಳುವುದು ಏನು ಬರೆದರು ಎಂದು ಮಾತ್ರ. ಸಿಗದೆ ಹೋದಾಗ ಏನು ಮಾಡಿದರು ಎಂದು ತಿಳಿಯಲು ಪಕ್ಕದಲ್ಲಿ ಕೂರಬೇಕು.

5 ಜನರನ್ನು ನೋಡಿದರೆ ಸಾಕು ಎಂಬ ಮಾತು ಈ ಕಸುಬಿನಲ್ಲಿ ಹಳೆಯದು. ಅದರ ಹಿಂದಿನ ಲೆಕ್ಕ ಜೇಕಬ್ ನೀಲ್ಸನ್, ಥಾಮಸ್ ಲ್ಯಾಂಡವರ್ ಇಬ್ಬರೂ 1993ರಲ್ಲಿ ಕೊಟ್ಟದ್ದು: ಒಬ್ಬರಿಂದ ಸರಾಸರಿ ಶೇ. 31 ತೊಡಕುಗಳು ಹೊರಬಿದ್ದರೆ, 0.69ರ ಐದನೇ ಘಾತವನ್ನು 1ರಿಂದ ಕಳೆದಾಗ 5 ಜನರಿಂದ ಸುಮಾರು ಶೇ. 84 ಹೊರಬೀಳುತ್ತವೆ. ಐವರೂ ಒಂದೇ ಬಗೆಯ ಬಳಕೆದಾರರಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಬಸ್ಸಿಗೆ ಕಾಯುವವರು ಒಂದೇ ಬಗೆಯವರಲ್ಲ: ದಿನಾ ಓಡಾಡುವ ಕಾಲೇಜು ಮಕ್ಕಳು, ಕನ್ನಡದಲ್ಲೇ ಬರೆಯುವ ಅಥವಾ ಮೈಕಿಗೆ ಹೇಳುವ ಹಿರಿಯರು, ಮಣಿಪಾಲಕ್ಕೋ ದೇರಳಕಟ್ಟೆಗೋ ಆಸ್ಪತ್ರೆಗೆಂದು ಬಂದ ಹೊರಗಿನವರು. ಮೂರು ಗುಂಪಾದರೆ ಗುಂಪಿಗೆ ತಲಾ 3 ಜನ, ಒಂದು ಸುತ್ತಿಗೆ 9. ಒಂದೇ ಸಲ 20 ಜನರನ್ನು ನೋಡುವುದಕ್ಕಿಂತ, 9 ಜನರನ್ನು ನೋಡಿ, ಸರಿಮಾಡಿ, ಮತ್ತೆ ಬೇರೆ 9 ಜನರನ್ನು ನೋಡುವುದು ಲಾಭ.

ಜಾಗ: ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್, ಉಡುಪಿಯ ಸಿಟಿ ಬಸ್ ಸ್ಟ್ಯಾಂಡ್, ಸರ್ವಿಸ್ ಬಸ್ ಸ್ಟ್ಯಾಂಡ್. ಬೆಳಿಗ್ಗೆ 11ರಿಂದ 1 ಗಂಟೆ ಒಳ್ಳೆಯ ಹೊತ್ತು. ಸಂಜೆ 5ಕ್ಕೆ ಯಾರಿಗೂ ಪುರುಸೊತ್ತಿಲ್ಲ. ಯಾರದ್ದೇ ಬಸ್ ಯಾವಾಗ ಬೇಕಾದರೂ ಬರಬಹುದು, ಆದ್ದರಿಂದ ಕೆಲಸ ಮೂರೇ, ಒಟ್ಟು 7 ನಿಮಿಷ. ಮುಖ್ಯವಾದದ್ದನ್ನು ಮೊದಲಿಗೆ ಇಡಿ. ಪರೀಕ್ಷೆ ಅವರದೇ ಫೋನಿನಲ್ಲಿ ಆಗಬೇಕು. ನಮ್ಮ ಫೋನ್ ಕೊಟ್ಟರೆ ಅವರ ಕೀಬೋರ್ಡ್ ತಪ್ಪಿಹೋಗುತ್ತದೆ, ತೊಡಕಿನ ಮುಕ್ಕಾಲು ಪಾಲು ಕೀಬೋರ್ಡಿನಲ್ಲೇ ಇರುವುದು.

ಮಾತು ಶುರುಮಾಡಲು ಇಷ್ಟು ಸಾಕು: ‘ಅಕ್ಕಾ, ಏಳು ನಿಮಿಷ ಉಂಟಾ? ಪರೀಕ್ಷೆ ನಿಮಗಲ್ಲ, ಈ ಪುಟಕ್ಕೆ. ಬಸ್ ಬಂದರೆ ಅರ್ಧಕ್ಕೇ ಹೋಗಿ, ಬೇಜಾರಿಲ್ಲ.’ ಧ್ವನಿ ಅಥವಾ ಸ್ಕ್ರೀನ್ ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ, ಬೇಡ ಎಂದರೆ ಕಾಗದದಲ್ಲಿ ಬರೆದುಕೊಳ್ಳಿ.

ಕೆಲಸ ಹೇಳುವಾಗ ಆಗುವ ದೊಡ್ಡ ತಪ್ಪು ಸ್ಟಾಪಿನ ಹೆಸರನ್ನು ಬರೆದು ತೋರಿಸುವುದು. ‘ಮೂಡುಬಿದಿರೆಗೆ ಬಸ್ ಹುಡುಕಿ’ ಎಂದು ಚೀಟಿ ಕೊಟ್ಟರೆ ಅವರು ಅದನ್ನೇ ನೋಡಿ ನಕಲು ಮಾಡುತ್ತಾರೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಬಾಯಲ್ಲಿ ಹೇಳಿದರೂ ನಮ್ಮ ಉಚ್ಚಾರವನ್ನೇ ಹಿಡಿಯುತ್ತಾರೆ. ಒಂದನೇ ಕೆಲಸ ಅವರದೇ ಪ್ರಯಾಣ: ‘ಇವತ್ತು ಎಲ್ಲಿಗೆ ಹೊರಟದ್ದು? ಆ ಬಸ್ ಹುಡುಕಿ ನೋಡುವ.’ ಎರಡನೆಯದಕ್ಕೆ ಚಿತ್ರ ತೋರಿಸಿ, ಕಾಪು ದೀಪಸ್ತಂಭದ್ದೋ ಮಲ್ಪೆ ಬಂದರಿನದ್ದೋ; ಹೆಸರು ಅವರೇ ಹೇಳಲಿ. ಮೂರನೆಯದಕ್ಕೆ ಕಾಯಿಲೆಯವರನ್ನು ಮಣಿಪಾಲ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸಂದರ್ಭ ಕೊಡಿ.

‘ಹೇಗುಂಟು ಸೈಟು?’ ಎಂದು ಕೇಳಲೇಬಾರದು. ಎದುರು ಕೂತವರಿಗೆ ಬೇಜಾರು ಮಾಡಲು ಇಲ್ಲಿ ಯಾರಿಗೂ ಮನಸ್ಸಿಲ್ಲ. ‘ಒಳ್ಳೆದುಂಟು’ ಎಂಬ ಉತ್ತರ ಕಟ್ಟಿಟ್ಟದ್ದು. ಕೈ ನೋಡಿ. ಎಲ್ಲಿ ನಿಂತಿತು, ಎಷ್ಟು ಸಲ ಅಳಿಸಿತು, ಯಾವಾಗ ಪಕ್ಕದವರನ್ನು ಕೇಳಲು ತಲೆ ತಿರುಗಿತು — ಅದೇ ಉತ್ತರ. ಜಾನ್ ಬ್ರೂಕ್ 1986ರಲ್ಲಿ ಮಾಡಿದ 10 ಪ್ರಶ್ನೆಗಳ ಬಳಕೆ-ಸುಲಭತೆಯ ಅಳತೆಯನ್ನು ಹಲವರು ಕೊನೆಗೆ ಕೇಳುತ್ತಾರೆ. ಅದರಲ್ಲಿ ಒಂದು ವಾಕ್ಯ ಹೊಗಳಿಕೆ, ಮುಂದಿನದು ತೆಗಳಿಕೆ. ನಿಂತುಕೊಂಡು ಕೇಳಿಸಿಕೊಳ್ಳುವವರಿಗೆ ಗೊಂದಲ. ಇಲ್ಲಿ ಅದನ್ನು ಬಿಟ್ಟದ್ದು ಸರಿ.

ಮೊದಲ ಸುತ್ತಿನಲ್ಲಿ ಲಾಗ್ ತೋರಿಸದ ಎರಡು ವಿಷಯ ಕಂಡವು. ಬಾಕ್ಸುಗಳ ಮೇಲೆ ‘ನಿರ್ಗಮನ ಸ್ಥಳ’, ‘ಆಗಮನ ಸ್ಥಳ’ ಎಂದಿತ್ತು. ಆಗಮನದ ಬಾಕ್ಸಿಗೆ ತಾವು ಬಂದು ನಿಂತ ಸ್ಟಾಪನ್ನೇ ತುಂಬಿಸುವುದು ಸಹಜ. ಪದದಲ್ಲೇ ಬರುವ ಅರ್ಥ ಉಂಟಲ್ಲ. ‘ಎಲ್ಲಿಂದ’, ‘ಎಲ್ಲಿಗೆ’ ಎಂದು ಬದಲಿಸಲು ಎರಡು ನಿಮಿಷ ಸಾಕಾಯಿತು, ಇಡೀ ರಿಪೇರಿಯಲ್ಲಿ ಅಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ. ‘ಸಲ್ಲಿಸು’ ಗುಂಡಿ ‘ಬಸ್ ನೋಡಿ’ ಆಯಿತು. ಇನ್ನೊಂದು, ಪುಟ ತೆರೆದ ಕೂಡಲೇ ಲೊಕೇಶನ್ ಅನುಮತಿ ಕೇಳುತ್ತಿದ್ದದ್ದು. ಏಕೆಂದು ಗೊತ್ತಿಲ್ಲದೆ ಬೇಡ ಒತ್ತುತ್ತಾರೆ, ಒಮ್ಮೆ ಬೇಡ ಎಂದ ಮೇಲೆ ಬ್ರೌಸರ್ ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ. ‘ಹತ್ತಿರದ ಸ್ಟಾಪ್’ ಎಂಬ ಗುಂಡಿ ಒತ್ತಿದಾಗ ಮಾತ್ರ ಕೇಳಬೇಕು.

ಹೆಸರುಗಳ ಪಟ್ಟಿ

ಈಗ ನಿಜವಾದ ಕೆಲಸ. ಹಿಂದೆ ಸ್ಟಾಪಿಗೆ ಒಂದು ಹೆಸರು ಇತ್ತು. ಈಗ ಹೆಸರುಗಳಿಗೆ ಬೇರೆಯೇ ಟೇಬಲ್: ಸ್ಟಾಪ್ ಸಂಖ್ಯೆ, ಹೆಸರು, ಬಗೆ (ಬೋರ್ಡು, ಬಾಯಿ, ಹಳೆಯದು, ಗುರುತು), ಲಿಪಿ, ತೂಕ. ತೋರಿಸುವುದು ‘ಜ್ಯೋತಿ’ ದೊಡ್ಡಕ್ಷರದಲ್ಲಿ, ‘ಅಂಬೇಡ್ಕರ್ ವೃತ್ತ’ ಅದರ ಕೆಳಗೆ. ಎರಡನ್ನೂ ತೋರಿಸಬೇಕು, ಹೊಸಬರು ಬಸ್ಸಿಳಿದ ಮೇಲೆ ನೋಡುವುದು ಬೋರ್ಡನ್ನೇ.

ಹೆದ್ದಾರಿಯ ಎರಡು ಬದಿಯ ಸ್ಟಾಪುಗಳಿಗೆ ಬೇರೆ ಬೇರೆ ಸ್ಥಾನ ಇರುವುದರಿಂದ ‘ಕಟಪಾಡಿ’ ಎರಡು ಸಲ ಬರುತ್ತಿತ್ತು. ಹುಡುಕುವಾಗ ಅದು ಒಂದೇ ಹೆಸರಾಗಿ ಕೂಡಬೇಕು, ಯಾವ ಬದಿ ಎಂಬುದನ್ನು ‘ಎಲ್ಲಿಗೆ’ ಗೊತ್ತಾದ ಮೇಲೆ ಸೈಟೇ ಹೇಳಲಿ. ಉಚ್ಚಿಲದ ಕತೆ ಇದಕ್ಕೆ ತಿರುಗುಮುರುಗು: ಅದು ನಿಜಕ್ಕೂ ಎರಡು. ಒಂದು ಕಾಪುವಿನ ಹತ್ತಿರ, ಇನ್ನೊಂದು ಮಂಗಳೂರಿನ ದಕ್ಷಿಣಕ್ಕೆ ಸೋಮೇಶ್ವರದ ಕಡೆ. ಸೋಮೇಶ್ವರವೂ ಎರಡು, ಇನ್ನೊಂದು ಆಗುಂಬೆ ಘಾಟಿಯ ಬುಡದಲ್ಲಿ. ಹೆಸರಿನ ಕೆಳಗೆ ಮೊದಲು ತಾಲೂಕು ಬರೆದು ನೋಡಲಾಯಿತು. ಹೊಸ ತಾಲೂಕುಗಳ ಗಡಿ ಬಸ್ಸಿನವರಿಗೇ ನೆನಪಿಲ್ಲ. ‘ಪಡುಬಿದ್ರಿ–ಕಾಪು ನಡುವೆ’, ‘ತೊಕ್ಕೊಟ್ಟು–ತಲಪಾಡಿ ನಡುವೆ’ ಎಂದು ಬರೆದ ಮೇಲೆ ಯಾರೂ ತಡವರಿಸಲಿಲ್ಲ. ಕಂಕನಾಡಿ ಮತ್ತೊಂದು ತೊಡಕು: ಆ ಹೆಸರಿನ ರೈಲ್ವೆ ಸ್ಟೇಷನ್ ಈಗ ಮಂಗಳೂರು ಜಂಕ್ಷನ್, ಇರುವುದು ಪಡೀಲಿನ ಬಳಿ. ‘ಕಂಕನಾಡಿ ಸ್ಟೇಷನ್’ ಎಂದವರಿಗೆ ಪಡೀಲನ್ನು ತೋರಿಸಬೇಕು. ಉಡುಪಿ ಸ್ಟೇಷನ್ ಎಂದರೆ ಇಂದ್ರಾಳಿ.

ಅಕ್ಷರ ಒಂದೇ, ಕೋಡ್ ಬೇರೆ

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ‘ಕೋಟ’ ಕಂಪ್ಯೂಟರಿಗೆ ಬೇರೆ ಆಗಬಹುದು. ಯುನಿಕೋಡಿನಲ್ಲಿ ಓ-ಕಾರ ಒಂದೇ ಚಿಹ್ನೆಯಾಗಿಯೂ ಇದೆ, ಎ-ಕಾರ, ಊ-ಕಾರ, ದೀರ್ಘದ ಗುರುತು ಎಂಬ ಮೂರು ತುಂಡಾಗಿಯೂ ಬರಬಹುದು. ಈ–ಏ–ಐ–ಒ ಚಿಹ್ನೆಗಳಿಗೂ ಇದೇ ಪಾಡು. ಆದ್ದರಿಂದ ಮೊದಲ ಹೆಜ್ಜೆ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಒಂದೇ ಚಿಹ್ನೆಯಾಗಿ ಕೂಡಿದ ರೂಪಕ್ಕೆ, ತರುವುದು. ಆಮೇಲೆ ಈ ಕ್ರಮ:

ಕಾಣದ ಜೋಡಿಸುವ, ಬಿಡಿಸುವ ಗುರುತುಗಳನ್ನು ತೆಗೆಯಿರಿ. ಪಂಪ್‌ವೆಲ್ ಎಂಬುದರಲ್ಲಿ ಪ್ ಆದ ಮೇಲೆ ಒಂದು ಕಾಣದ ಗುರುತಿದೆ. ಅದಿಲ್ಲದಿದ್ದರೆ ವೆ ಒತ್ತಾಗಿ ಕೆಳಗಿಳಿಯುತ್ತದೆ. ಫೋನಿನಲ್ಲಿ ಬರೆಯುವವರು ಅದನ್ನು ಹಾಕುವುದಿಲ್ಲ, ಡೇಟಾ ತುಂಬಿಸಿದವರು ಹಾಕಿರುತ್ತಾರೆ. ಕನ್ನಡ ಅಂಕಿಗಳನ್ನು 0–9ಕ್ಕೆ ತನ್ನಿ. ಚುಕ್ಕೆ, ಅಡ್ಡಗೆರೆ, ಖಾಲಿ ಜಾಗ ತೆಗೆಯಿರಿ, ಬಿ.ಸಿ.ರೋಡ್ ಸಮಸ್ಯೆ ಬಹುಪಾಲು ಇಲ್ಲೇ ತೀರುತ್ತದೆ. ಕೊನೆಯ ಹಲಂತ, ಕೊನೆಯ ಉ-ಕಾರ ಬಿಡಿ: ರೋಡ್/ರೋಡು, ಕಾಪ್/ಕಾಪು ಒಂದಾಗುತ್ತವೆ. ವರ್ಗದ ವ್ಯಂಜನದ ಮೊದಲು ಬರುವ ಅರ್ಧ ಅನುನಾಸಿಕವನ್ನು ಸೊನ್ನೆ ಮಾಡಿ, ಅಮ್ಬಲಪಾಡಿ ಅಂಬಲಪಾಡಿ ಆಗಲಿ. ಆದರೆ ನ್ನ, ಮ್ಮ ಮುಟ್ಟಬೇಡಿ.

ಇದು ಮೊದಲ ಕೀಲಿ, ಅಂದರೆ ಹೋಲಿಸಲು ಬಳಸುವ ಹೆಸರಿನ ರೂಪ. ಇದರಲ್ಲಿ ಏನೂ ಸಿಗದಿದ್ದರೆ ಮಾತ್ರ ಎರಡನೇ, ಸಡಿಲವಾದ ಕೀಲಿ: ದೀರ್ಘ ಹ್ರಸ್ವವಾಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಳ ಲ ಆಗುತ್ತದೆ, ಣ ನ ಆಗುತ್ತದೆ, ಒತ್ತಿನ ಜೋಡಿ ಒಂದೇ ಆಗುತ್ತದೆ. ಈ ಸಡಿಲಿಕೆ ಎನ್‌ಎಫ್‌ಸಿ ರೂಪದ ಮೇಲೆಯೇ ನಡೆಯಬೇಕು. ಬಿಡಿಸಿದ ರೂಪದಲ್ಲಿ ಊ-ಕಾರವನ್ನು ಉ ಮಾಡಿದರೆ ಓ-ಕಾರದ ಹೊಟ್ಟೆಯೊಳಗಿನ ಊ ಕೂಡ ಬದಲಾಗಿ ‘ಕೋಟ’ ಎಂಬುದೇ ಕೆಟ್ಟುಹೋಗುತ್ತದೆ.

ಆದರೆ ಅರ್ಧ ಬರೆದ ಪದಕ್ಕೆ ಬಿಡಿಸಿದ ರೂಪವೇ ಬೇಕು. ‘ಸ್ಟೇಟ್’ ಬರೆಯುವ ದಾರಿಯಲ್ಲಿ ಕೀಬೋರ್ಡ್ ಮೊದಲು ‘ಸ್ಟೆ’ ಕೊಡುತ್ತದೆ. ಎನ್‌ಎಫ್‌ಸಿಯಲ್ಲಿ ಅದು ‘ಸ್ಟೇ’ಯ ಆರಂಭವಲ್ಲ, ಪಟ್ಟಿ ಒಮ್ಮೆ ಮಾಯವಾಗಿ ಮತ್ತೆ ಬರುತ್ತದೆ, ಮಾಯವಾದ ಆ ಕ್ಷಣದಲ್ಲಿ ಜನ ಅಳಿಸಲು ಶುರುಮಾಡುತ್ತಾರೆ. ಎನ್‌ಎಫ್‌ಡಿಯಲ್ಲಿ, ಅಂದರೆ ಬಿಡಿಸಿದ ರೂಪದಲ್ಲಿ, ಏ ಎಂದರೆ ಎ-ಕಾರಕ್ಕೆ ದೀರ್ಘದ ಗುರುತು ಸೇರಿದ್ದು, ಹಾಗಾಗಿ ಹೋಲಿಕೆ ತುಂಡಾಗುವುದಿಲ್ಲ. ಕೆಲವು ಲಿಪ್ಯಂತರ ಕೀಬೋರ್ಡುಗಳಲ್ಲಿ ‘ಉಡುಪಿ’ಯ ಮಧ್ಯೆ ‘ಉಡುಪ್’ ಎಂದು ಹಲಂತ ಬರುತ್ತದೆ. ಹೋಲಿಸುವ ಮೊದಲು ಕೊನೆಯ ಹಲಂತ ತೆಗೆದರೆ ಅದೂ ಸರಿ.

ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಿಗೆ ಬೇರೆ ಕೀಲಿ: ಟಿ, ಡಿ, ಕೆ, ಬಿ ಆದ ಮೇಲಿನ ಎಚ್ ಬಿಡಿ, ಎರಡು ಓ ಇದ್ದರೆ ಯು, ಎರಡು ಇ ಇದ್ದರೆ ಐ, ಡಬ್ಲ್ಯು ಇದ್ದರೆ ವಿ, ಕೊನೆಯ ವೈ ಇದ್ದರೆ ಐ, ಜೋಡಿ ಅಕ್ಷರ ಒಂದೇ. ಸುರತ್ಕಲ್, ತೊಕ್ಕೊಟ್ಟು, ಕಟಪಾಡಿಯ ಹೆಚ್ಚಿನ ರೂಪ ಇದರಲ್ಲಿ ಬರುತ್ತವೆ. ಕಾಪುವಿನ ಹಳೆಯ ಇಂಗ್ಲಿಷ್ ಬರಹ ಯಾವ ನಿಯಮಕ್ಕೂ ಬಗ್ಗುವುದಿಲ್ಲ, ಸಿ ಅಕ್ಷರದಿಂದ ಶುರುವಾಗುವ ಹಳೆಯ ಕುಂದಾಪುರವೂ ಅಷ್ಟೆ. ಅವನ್ನು ಟೇಬಲ್ಲಿಗೆ ಕೈಯಿಂದಲೇ ಹಾಕಬೇಕು. ಬಾಕ್ಸಿನಲ್ಲಿ ಆಟೋಕರೆಕ್ಟ್, ಸ್ಪೆಲ್‌ಚೆಕ್ ಎರಡನ್ನೂ ಆಫ್ ಮಾಡಿ, ಇಲ್ಲದಿದ್ದರೆ ಫೋನ್ ತನಗೆ ತಿಳಿದ ಊರಿಗೆ ಕಳಿಸುತ್ತದೆ.

ಇದನ್ನೆಲ್ಲ ಸರ್ವರಿಗೆ ಕೇಳುವ ಅಗತ್ಯವಿಲ್ಲ. ಕನ್ನಡದ ಒಂದು ಚಿಹ್ನೆಗೆ 3 ಬೈಟ್. 600 ಸ್ಟಾಪ್, ತಲಾ 5 ಹೆಸರು, ಹೆಸರಿಗೆ 8 ಚಿಹ್ನೆ ಎಂದರೆ ಸುಮಾರು 72 ಕೆಬಿ, ಜಿಜಿಪ್ ಮಾಡಿದರೆ ಇನ್ನೂ ಕಡಿಮೆ. ಪಟ್ಟಿಯನ್ನು ಒಮ್ಮೆ ಫೋನಿಗೆ ಇಳಿಸಿ ಅಲ್ಲೇ ಹುಡುಕಿದರೆ ನೆಟ್‌ವರ್ಕ್ ಹೋದರೂ ಬಾಕ್ಸ್ ನಿಲ್ಲುವುದಿಲ್ಲ. ಡೇಟಾಬೇಸಿನಲ್ಲೇ ಬೇಕೆನ್ನುವವರು ಪೋಸ್ಟ್‌ಗ್ರೆಸ್‌ನ ಟ್ರೈಗ್ರಾಮ್ (ಮೂರು ಮೂರು ಅಕ್ಷರದ ತುಂಡು ಹೋಲಿಸುವ ವಿಧಾನ) ಬಳಸುವಾಗ ಲೊಕೇಲ್ (ಭಾಷೆಯ ಸೆಟ್ಟಿಂಗ್) ನೋಡಿಕೊಳ್ಳಿ. ಅದು ‘ಸಿ’ ಎಂದಿದ್ದರೆ ಕನ್ನಡ ಅಕ್ಷರ ಅಕ್ಷರವೆಂದೇ ಲೆಕ್ಕಕ್ಕಿಲ್ಲ.

ಪಟ್ಟಿ ಕಾಣುವ ರೀತಿ

ಅಕ್ಷರ 16 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಐಫೋನಿನ ಸಫಾರಿ ಬಾಕ್ಸ್ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ. ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇಡಿ. ಇಂಗ್ಲಿಷಿಗೆ ಸಾಕಾಗುವ 1.2ರಲ್ಲಿ ಹಂಪನಕಟ್ಟೆಯ ಒತ್ತು ಕತ್ತರಿಸಿಹೋಗುತ್ತದೆ. ವೆಬ್ ಎಲ್ಲರಿಗೂ ಬಳಸಲು ಬರಬೇಕೆಂಬ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2ರ ಕನಿಷ್ಠ ಒತ್ತುವ ಜಾಗ 24 ಪಿಕ್ಸೆಲ್, ಮೇಲಿನ ಮಟ್ಟದಲ್ಲಿ 44. ಇಲ್ಲಿ ಒಂದು ಸಾಲಿಗೆ 56 ಕೊಡಲಾಯಿತು. ಆಟಿ ತಿಂಗಳ ಮಳೆಯಲ್ಲಿ ಕೊಡೆ ಒಂದು ಕೈಯಲ್ಲಿ, ಒದ್ದೆ ಹೆಬ್ಬೆರಳು ಇನ್ನೊಂದರಲ್ಲಿ. ನೀರಿನ ಹನಿಗೂ ಸ್ಕ್ರೀನ್ ಓಗೊಡುತ್ತದೆ. ಕೀಬೋರ್ಡ್ ತೆರೆದಾಗ ನಾಲ್ಕೈದು ಸಾಲು ಮಾತ್ರ ಕಾಣುವುದರಿಂದ ಆರಕ್ಕಿಂತ ಹೆಚ್ಚು ಸಾಲು ವ್ಯರ್ಥ.

ಆಂಡ್ರಾಯ್ಡಿನಲ್ಲಿ ಕೀಬೋರ್ಡ್ ಪದ ಮುಗಿಸುವ ತನಕ ಕಾಯುವಂತೆ ಕೋಡ್ ಬರೆದರೆ, ಸ್ಪೇಸ್ ಒತ್ತುವವರೆಗೂ ಪಟ್ಟಿ ಬರುವುದೇ ಇಲ್ಲ. ಇನ್‌ಪುಟ್ ಇವೆಂಟಿಗೇ (ಬಾಕ್ಸಿನಲ್ಲಿ ಅಕ್ಷರ ಬದಲಾದಾಗಲೆಲ್ಲ ಸಿಗುವ ಸೂಚನೆ) ಹುಡುಕಿ, 200 ಮಿಲಿಸೆಕೆಂಡ್ ತಡೆ ಇಡಿ. ಪದ ಕಟ್ಟುತ್ತಿರುವಾಗ ಒತ್ತಿದ ಎಂಟರ್ ಫಾರ್ಮನ್ನು ಕಳಿಸದಂತೆ ನೋಡಿ. ಕಣ್ಣು ಕಾಣದವರಿಗೆ ಪರದೆ ಓದಿಹೇಳುವ ಸ್ಕ್ರೀನ್ ರೀಡರಿಗೆ ಕಾಂಬೊಬಾಕ್ಸ್ (ಪಟ್ಟಿ ತೆರೆಯುವ ಬಾಕ್ಸ್) ಎಂಬ ಪಾತ್ರ, ಪಟ್ಟಿ ತೆರೆದಿದೆಯೇ ಎಂಬ ಸ್ಥಿತಿ, ಈಗ ಯಾವ ಸಾಲು ಎಂಬುದು, ಪುಟದ ಭಾಷೆ ಕನ್ನಡ ಎಂಬ ಗುರುತು — ಇಷ್ಟೂ ಬೇಕು.

ಎರಡನೇ ಸುತ್ತಿನಲ್ಲಿ ಮುರಿದದ್ದು

ಸಡಿಲಿಕೆ ಅತಿಯಾಯಿತು. ‘ಕೂಲೂರು’ ಎಂದು ಬರೆದರೆ ಕೂಳೂರು ಬರಬೇಕು. ಒಂದು ಅಕ್ಷರದ ತಪ್ಪನ್ನು ಮನ್ನಿಸಿದ್ದರಿಂದ ಕೊಲ್ಲೂರೂ ಬಂತು. ಒಂದು ಮಂಗಳೂರಿನ ಅಂಚು, ಇನ್ನೊಂದು 100 ಕಿ.ಮೀ.ಗಿಂತ ಆಚೆ. ಮದ್ದು ಎರಡು. ಮನ್ನಿಸುವ ತಪ್ಪು ಪದದ ಉದ್ದಕ್ಕೆ ತಕ್ಕಂತೆ: 3 ಅಕ್ಷರದವರೆಗೆ ಸೊನ್ನೆ, 4ರಿಂದ 6ಕ್ಕೆ ಒಂದು, ಅದಕ್ಕಿಂತ ಉದ್ದಕ್ಕೆ ಎರಡು. ಉದ್ದವನ್ನು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಎಣಿಸಿ, ತಪ್ಪನ್ನು ಯುನಿಕೋಡ್ ಚಿಹ್ನೆಯಲ್ಲಿ ಎಣಿಸಿ. ಎರಡನ್ನೂ ಕಾಣುವ ಅಕ್ಷರದಲ್ಲೇ ಎಣಿಸಿದರೆ ಒಂದು ಗುಣಿತದ ತಪ್ಪೂ ಇಡೀ ಅಕ್ಷರದ ತಪ್ಪಾಗುತ್ತದೆ. ಜೊತೆಗೆ, ತಿದ್ದಿ ಸಿಕ್ಕ ಹೆಸರನ್ನು ಎಂದೂ ತಾನಾಗಿ ಆಯ್ಕೆ ಮಾಡಬಾರದು, ‘ಇದಾ ಕೇಳಿದ್ದು?’ ಎಂದು ಬೇರೆ ಸಾಲಾಗಿ ತೋರಿಸಿ.

ಗುರುತಿನ ಹೆಸರುಗಳೂ ಅತಿಯಾದವು. ‘ಮಣಿಪಾಲ’ ಎಂದರೆ ಆಸ್ಪತ್ರೆ ಮೊದಲು ಬಂದು ಟೈಗರ್ ಸರ್ಕಲ್ ಕೆಳಗೆ ಹೋಯಿತು. ಕ್ರಮ ಹೀಗೆ ನಿಂತಿತು: ಪೂರ್ತಿ ಹೆಸರು, ಹೆಸರಿನ ಆರಂಭ, ಎರಡನೇ ಪದದ ಆರಂಭ, ಗುರುತು, ಸಡಿಲ ಕೀಲಿ, ಕೊನೆಗೆ ತಪ್ಪು ಮನ್ನಿಸಿದ್ದು. ಬರೀ ‘ಬಸ್ ಸ್ಟ್ಯಾಂಡ್’ ಎಂದವರಿಗೆ ಒಂದನ್ನು ಊಹಿಸಬಾರದು: ಮಂಗಳೂರಿನಲ್ಲಿ ಸ್ಟೇಟ್‌ಬ್ಯಾಂಕ್ ಮತ್ತು ಬಿಜೈ ಕೆಎಸ್ಸಾರ್ಟಿಸಿ, ಉಡುಪಿಯಲ್ಲಿ ಸಿಟಿ, ಸರ್ವಿಸ್, ಬನ್ನಂಜೆಯ ಕೆಎಸ್ಸಾರ್ಟಿಸಿ, ಎಲ್ಲವನ್ನೂ ಸಾಲಾಗಿ ಕೊಡಿ.

ಹಳೆಯದು–ಹೊಸದು ಹೋಲಿಸುವಾಗ ಅರ್ಧ ಜನರಿಗೆ ಹಳೆಯದನ್ನು ಮೊದಲು ಕೊಡಿ, ಉಳಿದವರಿಗೆ ಹೊಸದನ್ನು. ಎರಡನೇ ಸಲ ಕೈ ಪಳಗಿರುತ್ತದೆ. ಬರೆದಿಡುವುದು ಸರಿಯಾದ ಸ್ಟಾಪ್ ಆರಿಸಲು ಹಿಡಿದ ಸಮಯದ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ), ಅಳಿಸಿದ ಬಾರಿ, ಪಕ್ಕದವರನ್ನು ಕೇಳಿದರೋ ಇಲ್ಲವೋ. 9 ಜನರ ಲೆಕ್ಕವನ್ನು ಶೇಕಡಾ ಮಾಡಿ ಎಲ್ಲೂ ಬರೆಯಬೇಡಿ. ‘9ರಲ್ಲಿ ಇಷ್ಟು’ ಎನ್ನಿ.

ಹೊಸ ಬಾಕ್ಸನ್ನು ಒಂದು ಸ್ವಿಚ್ಚಿನ ಹಿಂದೆ ಇಟ್ಟು ಬಿಟ್ಟರೆ ಕೆಟ್ಟಾಗ ಹಳೆಯದಕ್ಕೆ ಮರಳಲು ಒಂದು ಸಾಲು ಸಾಕು. ಆಮೇಲೆ ವಾರಕ್ಕೊಮ್ಮೆ, ಸಿಗದ ಪದಗಳಲ್ಲಿ ಮೇಲಿನ 20 ನೋಡಿ ಟೇಬಲ್ಲಿಗೆ ಹೆಸರು ಸೇರಿಸುವುದು. ಇನ್ನೂ ಬಾಕಿ ಇರುವುದು ಬಸ್ಸಿನ ಹೆಸರಿನಿಂದ ಹುಡುಕುವವರು. ಕರಾವಳಿಯ ಖಾಸಗಿ ಬಸ್ಸುಗಳನ್ನು ಜನ ನಂಬರಿಗಿಂತ ಹೆಸರಿನಿಂದ ಗುರುತಿಸುವುದು ಜಾಸ್ತಿ, ಒಂದೇ ಹೆಸರಿನ ಬಸ್ಸು ಬೇರೆ ಬೇರೆ ರೂಟಿನಲ್ಲಿ ಓಡುತ್ತದೆ. ಆ ಟೇಬಲ್ಲಿಗೆ ಈ ಕೀಲಿಗಳು ಸಾಲುವುದಿಲ್ಲ.